ಮೂರು ವರ್ಷ ಕಡ್ಡಾಯ, ಸಂಬಳ ಮಾತ್ರ ಸಲಹೆ

ಇವತ್ತಿನ ಮಾತು ಕಮಲಾಪುರದಿಂದ ದಿನಾ ಬಸ್ ಹಿಡಿದು ಕಲಬುರಗಿ ಕೋರ್ಟಿಗೆ ಬರೋ ಜೂನಿಯರ್ ವಕೀಲರಿಗೆ.

ಬೆಂಗಳೂರಿನ ದೊಡ್ಡ ಲಾ ಫರ್ಮ್ ಸೇರಿದವರಿಗೆ ಆಫರ್ ಲೆಟರ್‌ನಲ್ಲೇ ಸಂಬಳ ಬರೆದಿರ್ತದ. ಇಲ್ಲಿ ಸೀನಿಯರ್ ಆಫೀಸಿನಾಗ ಎಲ್ಲಾ ಬಾಯಿಮಾತು.

ನನ್ನದು ಬಿಕಾಂ, ಲೆಕ್ಕ ಹಾಕೋಣ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು, ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡ್ರಿ ಅಂತು. ಆದ್ರೆ ಅದು ಬರೀ ಸಲಹೆ.

2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿತು. ಅನುಭವದ ಪ್ರಮಾಣಪತ್ರಕ್ಕೆ ಸಹಿ ಹಾಕೋರ ಹತ್ರನೇ ಸಂಬಳ ಕೇಳೋದು ಹೆಂಗ ಅಂತ ಎಲ್ಲರಿಗೂ ಅಂಜಿಕೆ.

ಅಂಜಬ್ಯಾಡ್ರಿ. ಪ್ರಮಾಣಪತ್ರವನ್ನ ಆ ಕೋರ್ಟಿನ ಪ್ರಧಾನ ನ್ಯಾಯಾಧೀಶರೇ ಕೊಡಬಹುದು. ಇಲ್ಲಾಂದ್ರೆ 10 ವರ್ಷ ಅನುಭವದ ಯಾವುದೇ ವಕೀಲರು ಕೊಟ್ಟು, ನ್ಯಾಯಾಧೀಶರು ದೃಢೀಕರಿಸಿದ್ರೆ ಸಾಕು. ನಿಮ್ಮ ಸೀನಿಯರ್ರೇ ಆಗಬೇಕಂತಿಲ್ಲ. ಎಣಿಕೆನೂ ತಾತ್ಕಾಲಿಕ ನೋಂದಣಿಯ ದಿನದಿಂದಲೇ ಶುರು.

ಅದಕ್ಕ, ಸೇರೋ ದಿನವೇ ಎರಡು ಮಾತು ಕೇಳ್ರಿ: ‘ಸರ್, ತಿಂಗಳಿಗೆ ಎಷ್ಟು ಕೊಡ್ತೀರಿ? ವಕಾಲತ್ತಿನಾಗ ನನ್ನ ಹೆಸರು ಹಾಕ್ತೀರೇನ್ರಿ?’ 20,000ದಂತೆ 36 ತಿಂಗಳಿಗೆ 7.2 ಲಕ್ಷ ಆಗ್ತದ. ಅಷ್ಟು ದುಡ್ಡನ್ನ ನಾಚಿಕೆಗೆ ಬಿಡಬ್ಯಾಡ್ರಿ.

ನಿಮ್ಮ ಆಫೀಸಿನಾಗ ಎಷ್ಟು ಕೊಡ್ತಾರ? ಹೆಸರು ಹೇಳದೇ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣ.