ಒಗರು ಎಲೆಯದು, ಕಂಪು ಯಾರದು?



ವೀಳ್ಯದೆಲೆಗೆ ಸುಣ್ಣ, ಅಡಿಕೆಯ ಜೊತೆ ಚೂರು ಕಾಚು ಹಾಕಿಕೊಳ್ಳುವವರಿಗೆ ಅದರ ಒಗರು ಗೊತ್ತು. ಕಗ್ಗಲಿ ಮರದ ಚೇಗನ್ನು ಬೇಯಿಸಿ ತೆಗೆಯುವ ಈ ಕಾಚನ್ನು ಯುರೋಪಿನವರು ಕ್ಯಾಟೆಚು ಎಂದು ಕರೆದರು. ಅದರಲ್ಲಿ ಸಿಕ್ಕ ರಾಸಾಯನಿಕಕ್ಕೆ ಕ್ಯಾಟೆಚಿನ್ ಎಂಬ ಹೆಸರು ಬಂತು. ಇಂದು ಮುಖದ ಕ್ರೀಮಿನ ಡಬ್ಬಿಯ ಮೇಲೆ ‘ಗ್ರೀನ್ ಟೀ ಸಾರ’ ಎಂದು ಬರೆದಿರುತ್ತದಲ್ಲ, ಅದರ ಜೀವಾಳವೂ ಇದೇ ಕ್ಯಾಟೆಚಿನ್ ಬಳಗ.

ಚಹಾದ ಗುಣ ಹೊಗಳುವುದು ಹೊಸದೇನಲ್ಲ. ಜಪಾನಿನ ಬೌದ್ಧ ಭಿಕ್ಷು ಐಸಾಯ್ 1191ರಲ್ಲಿ ಚೀನಾದಿಂದ ಮರಳುವಾಗ ಚಹಾ ಬೀಜ ತಂದ. 1211ರಲ್ಲಿ ಚಹಾವನ್ನು ಆರೋಗ್ಯದ ಮದ್ದೆಂದು ಹೊಗಳಿ ಪುಸ್ತಕವನ್ನೇ ಬರೆದ. ಮದ್ದಿನ ಗುಟ್ಟು ಏನೆಂದು ತಿಳಿಯಲು ಮಾತ್ರ ಏಳು ಶತಮಾನ ಬೇಕಾಯಿತು.

ಆ ಗುಟ್ಟನ್ನು ಬಿಡಿಸಿದವರು ಜಪಾನಿನ ವಿಜ್ಞಾನಿ ಮಿಚಿಯೋ ತ್ಸುಜಿಮುರಾ. 1920ರಲ್ಲಿ ಹೊಕ್ಕೈಡೋ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಸಂಬಳವಿಲ್ಲದ ಸಹಾಯಕಿಯಾಗಿ ಪ್ರಯೋಗಾಲಯ ಸೇರಿದರು. 1924ರಲ್ಲಿ ಸಹೋದ್ಯೋಗಿ ಸೈತಾರೋ ಮಿಯುರಾ ಜೊತೆ ಹಸಿರು ಚಹಾದಲ್ಲಿ ಸಿ ಜೀವಸತ್ವವಿರುವುದನ್ನು ತೋರಿಸಿದರು. 1929ರಲ್ಲಿ ಅದರ ಒಗರಿನ ಕ್ಯಾಟೆಚಿನ್ ಅನ್ನು ಬೇರ್ಪಡಿಸಿದರು. 1932ರಲ್ಲಿ ಕೃಷಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆಯಾದರು.

ಕ್ಯಾಟೆಚಿನ್ ಹಸಿರು ಚಹಾದಲ್ಲೇ ಹೆಚ್ಚು ಉಳಿಯುವುದೇಕೆ? ಕೊಯ್ದ ಕೂಡಲೇ ಎಲೆಗೆ ಹಬೆಯ ಬಿಸಿ ಕೊಟ್ಟರೆ ಅದನ್ನು ಕಪ್ಪಾಗಿಸುವ ಕಿಣ್ವ ಅಲ್ಲೇ ನಿಲ್ಲುತ್ತದೆ. ಆದರೆ ಕ್ರೀಮಿನ ಡಬ್ಬಿ ಸೇರಿದ ಮೇಲೂ ಕ್ಯಾಟೆಚಿನ್ ಗಾಳಿ, ಬೆಳಕಿಗೆ ಕಂದುತ್ತದೆ. ಚರ್ಮಕ್ಕೆ ಹಚ್ಚುವ ಔಷಧಿಯಾಗಿ ಅದಕ್ಕೆ ಗಟ್ಟಿ ಮನ್ನಣೆ ಸಿಕ್ಕಿದ್ದು 2006ರಲ್ಲಿ: ಜನನಾಂಗದ ನರಹುಲಿಗೆ ಹಚ್ಚುವ ಹಸಿರು ಚಹಾ ಸಾರದ ಮುಲಾಮಿಗೆ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು.

ಇನ್ನು ಸುಗಂಧದ ಕಥೆಯೇ ಬೇರೆ. 1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ಜಾನ್ ಕ್ಲೋಡ್ ಎಲೆನಾ ಇಟಲಿಯ ಆಭರಣ ಸಂಸ್ಥೆ ಬಲ್ಗಾರಿಗೆ ಹಸಿರು ಚಹಾದ ಹೆಸರಿನ ಸುಗಂಧ ರೂಪಿಸಿದರು. ಚಹಾದ ಆ ಭಾವ ಹುಟ್ಟಿದ್ದು ಎಲೆಯಿಂದಲ್ಲ. ಮಲ್ಲಿಗೆಯನ್ನು ನೆನಪಿಸುವ ಹೆಡಿಯೋನ್, ನೇರಳೆ ಬಣ್ಣದ ವಯೊಲೆಟ್ ಹೂವನ್ನು ನೆನಪಿಸುವ ಅಯೊನೋನ್ ಎಂಬ ಪ್ರಯೋಗಾಲಯದ ಪದಾರ್ಥಗಳ ಬೆರಕೆಯಿಂದ. 1999ರಲ್ಲಿ ಎಲಿಜಬೆತ್ ಆರ್ಡನ್‌ನ ‘ಗ್ರೀನ್ ಟೀ’ ಬಂದ ಮೇಲೆ ಈ ಕಂಪು ಮನೆಮನೆಯ ಮಾತಾಯಿತು. ಚಹಾ ಎಲೆಯನ್ನು ಭಟ್ಟಿ ಇಳಿಸಿದರೆ ಸಿಗುವ ಎಣ್ಣೆ ಅತ್ಯಲ್ಪ. ಸುವಾಸನೆಯ ಚಿಕಿತ್ಸೆಯಲ್ಲಿ ಬಳಸುವ ‘ಟೀ ಟ್ರೀ’ ತೈಲವಂತೂ ಆಸ್ಟ್ರೇಲಿಯಾದ ಬೇರೆಯೇ ಮರದ್ದು.

ಆದ್ದರಿಂದ ಕ್ರೀಮು ಕೊಳ್ಳುವಾಗ ಮೂಗನ್ನು ನಂಬಬೇಡಿ, ಕಣ್ಣನ್ನು ನಂಬಿ. ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಹೆಚ್ಚು ಇರುವುದನ್ನು ಮೊದಲು ಬರೆದಿರುತ್ತಾರೆ. ಅಲ್ಲಿ ‘ಕ್ಯಾಮೆಲಿಯಾ ಸೈನೆನ್ಸಿಸ್’ ಎಂಬ ಚಹಾ ಗಿಡದ ವೈಜ್ಞಾನಿಕ ಹೆಸರು ಎಷ್ಟನೆಯದು ಎಂದು ಎಣಿಸಿ ನೋಡಿ. ಬಾಲದ ತುದಿಯಲ್ಲಿದ್ದರೆ, ನೀವು ಕೊಳ್ಳುತ್ತಿರುವುದು ಹೆಚ್ಚಾಗಿ ಹೆಸರನ್ನೇ.