ರೊಟ್ಟಿ, ತೊಗರಿ ಮತ್ತು ಕಲ್ಯಾಣ ಕರ್ನಾಟಕದ ಆರ್ಥಿಕತೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಪ್ರಾದೇಶಿಕ ಆರ್ಥಿಕತೆ ಬಲಗೊಳ್ಳಬೇಕಾದರೆ ಉದ್ಯಮ ನೀತಿಯ ಆದ್ಯತೆಗಳು ಯಾವುವಾಗಿರಬೇಕು ಎಂಬ ವಿಷಯ ಕೊಟ್ಟಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವಳಲ್ಲ. ಎಂ.ಟೆಕ್. ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವಳು. ಹಾಗಾಗಿ ಸಿದ್ಧಾಂತಗಳಿಗೆ ಹೋಗದೆ, ಹೈದರಾಬಾದಿನ ಕನ್ನಡಿಗರಾದ ನಮಗೆ ಹತ್ತಿರವಾದ ಕಲ್ಯಾಣ ಕರ್ನಾಟಕದ ಬಗ್ಗೆ, ಅದರಲ್ಲೂ ಕಲಬುರಗಿಯ ಬಗ್ಗೆ ಮಾತಾಡುತ್ತೇನೆ. 1956ರ ನವೆಂಬರ್ 1ಕ್ಕೆ ಮೊದಲು ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಭಾಗದಿಂದ ಗುಳೆ ಹೊರಟವರು ಇಂದಿಗೂ ಕಟ್ಟಡ ಕೆಲಸ ಹುಡುಕಿಕೊಂಡು ಇಂಥ ಮಹಾನಗರಗಳಿಗೇ ಬರುತ್ತಾರೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ತಾಲ್ಲೂಕುಗಳು ಕಲಬುರಗಿ ವಿಭಾಗದವು. ಮುಂದೆ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಶಿಕ್ಷಣದಲ್ಲಿ, ಸರ್ಕಾರಿ ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಬಂತು. ಇದು ದೊಡ್ಡ ಅನುಕೂಲವೇ. ಆದರೆ ಎಲ್ಲರಿಗೂ ಸರ್ಕಾರಿ ನೌಕರಿ ಸಿಗುವುದಿಲ್ಲ. ಉಳಿದವರಿಗೆ ಊರಿನಲ್ಲೇ ಉದ್ಯೋಗ ಬೇಕು. ಅದಕ್ಕೆ ಊರಿನಲ್ಲೇ ಉದ್ಯಮ ಬೇಕು.

ನಮ್ಮ ಕೆಲಸದಲ್ಲಿ ಒಂದು ವ್ಯವಸ್ಥೆ ನಿಧಾನವಾದರೆ ತಕ್ಷಣ ಹೊಸ ಯಂತ್ರ ಕೊಳ್ಳುವುದಿಲ್ಲ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೊದಲು ಹುಡುಕುತ್ತೇವೆ. ಉದ್ಯಮ ನೀತಿಗೂ ಇದೇ ಮಾತು ಹೇಳಬೇಕೆನಿಸುತ್ತದೆ. ಹೊಸ ಕಂಪನಿಗೆ ಜಮೀನು, ತೆರಿಗೆ ರಿಯಾಯಿತಿ ಕೊಡುವ ಮೊದಲು, ಈಗಾಗಲೇ ಇರುವ ಸಣ್ಣ ಉದ್ಯಮ ಯಾಕೆ ಬೆಳೆಯುತ್ತಿಲ್ಲ ಎಂದು ನೋಡಬೇಕು.

ನಮಗೆಲ್ಲ ಗೊತ್ತಿರುವ ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ಕಲಬುರಗಿಯ ಸ್ವಸಹಾಯ ಸಂಘಗಳ ಮಹಿಳೆಯರು ರೊಟ್ಟಿಗೆ ಒಂದು ಬ್ರ್ಯಾಂಡ್ ಕಟ್ಟಿದ್ದಾರೆ. 2025ರ ಜೂನ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಅವರ ಬಗ್ಗೆ ಹೇಳಿದರು. ನಮ್ಮ ತಾಯಂದಿರು ದಿನವೂ ಬಡಿದ ರೊಟ್ಟಿಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಅದೇ ಕೈಕೆಲಸ ಈಗ ಉದ್ಯಮವಾಗಿದೆ. ಇಂಥ ಉದ್ಯಮ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಒಂದು ಲೆಕ್ಕ ಹಾಕೋಣ.

ಒಂದು ಗುಂಪು ದಿನಕ್ಕೆ 500 ರೊಟ್ಟಿಯನ್ನು 8 ರೂಪಾಯಿಯಂತೆ ಅಂಗಡಿಗಳಿಗೆ ಉದ್ರಿ ಕೊಡುತ್ತದೆ ಎಂದುಕೊಳ್ಳಿ. ದಿನಕ್ಕೆ 4,000 ರೂಪಾಯಿ. ಹಣ 60 ದಿನ ತಡವಾದರೆ 2,40,000 ರೂಪಾಯಿ ಬೇರೆಯವರ ಕೈಯಲ್ಲಿರುತ್ತದೆ. ಆದರೆ ಜೋಳಕ್ಕೆ, ಕಟ್ಟಿಗೆಗೆ, ಗ್ಯಾಸಿಗೆ ಇವರು ಇವತ್ತೇ ದುಡ್ಡು ಕೊಡಬೇಕು. ಅದಕ್ಕೆ ಸಾಲ, ಸಾಲಕ್ಕೆ ಬಡ್ಡಿ. ಅದೇ ಹಣ 15 ದಿನಕ್ಕೆ ಬಂದರೆ ಸಿಕ್ಕಿಕೊಳ್ಳುವುದು 60,000 ಮಾತ್ರ. ಒಂದು ಪೈಸೆ ಸಬ್ಸಿಡಿ ಇಲ್ಲದೆ 1,80,000 ರೂಪಾಯಿ ಬಿಡುಗಡೆಯಾಯಿತು!

ಆದ್ದರಿಂದ ನನ್ನ ಮೊದಲ ಆದ್ಯತೆ, ಸಕಾಲಕ್ಕೆ ಹಣ ಪಾವತಿ. ಇದಕ್ಕೆ ಕಾನೂನು ಈಗಾಗಲೇ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಇದರ ಲಾಭ ಸಿಗಬೇಕಾದರೆ ಉದ್ಯಮ್ ನೋಂದಣಿ ಇರಬೇಕು. ಅದು ಉಚಿತ. ಜೊತೆಗೆ, ದೂರು ಕೊಟ್ಟರೆ ನಾಳೆಯಿಂದ ಆರ್ಡರ್ ನಿಂತೀತು ಎಂಬ ಭಯ ಸಣ್ಣವರಿಗೆ ಇದ್ದೇ ಇರುತ್ತದೆ. ಹಾಗಾಗಿ ಸರ್ಕಾರ ತನ್ನ ಇಲಾಖೆಗಳಿಂದಲೇ ಆರಂಭಿಸಲಿ. ಯಾವ ಇಲಾಖೆ ಎಷ್ಟು ದಿನಕ್ಕೆ ಬಿಲ್ ಪಾವತಿಸುತ್ತದೆ ಎಂದು ಪ್ರತಿ ತಿಂಗಳು ಪ್ರಕಟಿಸಲಿ.

ಎರಡನೆಯದು, ಸರ್ಕಾರಿ ಖರೀದಿ. ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ಶೇ. 25ರಷ್ಟು ಖರೀದಿಯನ್ನು ಸೂಕ್ಷ್ಮ, ಸಣ್ಣ ಉದ್ಯಮಗಳಿಂದ ಮಾಡಬೇಕು. ಆ 25ರಲ್ಲಿ 3 ಮಹಿಳೆಯರ ಉದ್ಯಮಗಳಿಗೆ ಮೀಸಲು. ಈ ಭಾಗದ ವಿದ್ಯಾರ್ಥಿನಿಲಯಗಳಿಗೆ, ಆಸ್ಪತ್ರೆಗಳಿಗೆ ರೊಟ್ಟಿ, ಬೇಳೆ, ಶೇಂಗಾ ಹಿಂಡಿ ಇದೇ ಭಾಗದ ಮಹಿಳಾ ಗುಂಪುಗಳಿಂದ ಬರಲಿ. ವರ್ಷದ ಆರ್ಡರ್ ಕೈಯಲ್ಲಿದ್ದರೆ ಬ್ಯಾಂಕಿನ ಮುಂದೆ ನಿಲ್ಲಲು ಧೈರ್ಯ ಬರುತ್ತದೆ.

ಮೂರನೆಯದು, ಬೆಳೆದಲ್ಲೇ ಸಂಸ್ಕರಣೆ. ಕಲಬುರಗಿ ತೊಗರಿಯ ಕಣಜ. 2019ರಲ್ಲಿ ಅಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಆದರೆ ಕಾಳು ಹೊರಗೆ ಹೋಗಿ ಬೇಳೆಯಾದರೆ ಗಿರಣಿಯ ಕೂಲಿ, ಹೊಟ್ಟು, ಪ್ಯಾಕಿಂಗ್, ಎಲ್ಲದರ ಆದಾಯವೂ ಹೊರಗೇ ಹೋಗುತ್ತದೆ. ಡಿಸೆಂಬರ್-ಜನವರಿಯಲ್ಲಿ ರಾಶಿ ಮುಗಿದು ಎಲ್ಲರೂ ಒಟ್ಟಿಗೆ ಮಾರಲು ಬಂದಾಗ ಬೆಲೆ ಬೀಳುತ್ತದೆ. ಹತ್ತಿರದಲ್ಲೇ ನೋಂದಾಯಿತ ಗೋದಾಮು ಇದ್ದರೆ, ಅದರ ರಸೀದಿ ಅಡವಿಟ್ಟು ಸಾಲ ಪಡೆದು, ಬೆಲೆ ಬರುವವರೆಗೆ ಕಾಯಬಹುದು. ಸಣ್ಣ ಆಹಾರ ಘಟಕಗಳಿಗೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೊಡುವ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂದಿದೆ. ಇಂಥ ಅರ್ಜಿ ತುಂಬಿಸಿ, ಸಾಲ ಮಂಜೂರಾಗುವ ತನಕ ಜೊತೆಗೆ ನಿಲ್ಲುವವರು ತಾಲ್ಲೂಕಿಗೊಬ್ಬರು ಬೇಕು.

ನಾಲ್ಕನೆಯದು, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಅನುಕೂಲ. 2023ರಲ್ಲಿ ಘೋಷಿಸಿದ 7 ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಕಲಬುರಗಿಯದೂ ಒಂದು. ದೊಡ್ಡ ಉದ್ಯಮ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದೇ ಕಡೆ ಸಾವಿರಾರು ಜನರಿಗೆ ಕೆಲಸ ಕೊಡುವ ಶಕ್ತಿ ಅವಕ್ಕಿದೆ. ಆದರೆ ಹೊಲಿಗೆಯ ಯಂತ್ರದ ಮುಂದೆ ಕೂರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಶಕ್ತಿ ಯೋಜನೆಯಿಂದ ಅವರಿಗೆ ಟಿಕೆಟ್ ಇಲ್ಲ, ಸರಿ. ಪಾಳಿ ಮುಗಿಯುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ? ಕೂಸನ್ನು ನೋಡಿಕೊಳ್ಳುವವರಿಲ್ಲದಿದ್ದರೆ? ಬಸ್ಸು, ಹಾಸ್ಟೆಲ್, ಶಿಶುಪಾಲನಾ ಕೇಂದ್ರ ಇವು ಕಲ್ಯಾಣ ಕಾರ್ಯಕ್ರಮ ಮಾತ್ರವಲ್ಲ. ರಸ್ತೆ, ವಿದ್ಯುತ್ತಿನಂತೆ ಉದ್ಯಮದ ಮೂಲಸೌಕರ್ಯವೇ.

ಕೊನೆಯದಾಗಿ ನಮ್ಮ ಪಾಲು. ರಾಜ್ಯೋತ್ಸವದ ಊಟಕ್ಕೆ, ಮನೆಯ ಸಮಾರಂಭಗಳಿಗೆ ರೊಟ್ಟಿ, ಬೇಳೆಯನ್ನು ಅಲ್ಲಿನ ಮಹಿಳಾ ಗುಂಪುಗಳಿಂದ ತರಿಸೋಣ. ಚೌಕಾಸಿ ಮಾಡದೆ, ಮಾಲು ಬಂದ ದಿನವೇ ಹಣ ಕಳಿಸೋಣ. ನಮ್ಮಲ್ಲಿ ಲೆಕ್ಕಪತ್ರ ಬಲ್ಲವರಿದ್ದಾರೆ, ಕಂಪ್ಯೂಟರ್ ಬಲ್ಲವರಿದ್ದಾರೆ. ತಿಂಗಳಿಗೆ ಎರಡು ಗಂಟೆ ಫೋನಿನಲ್ಲಿ ಕೂತು ಒಂದು ಗುಂಪಿಗೆ ಉದ್ಯಮ್ ನೋಂದಣಿ, ಬಿಲ್ಲಿನ ಲೆಕ್ಕ ಕಲಿಸಬಹುದು. ಯಾರು ಯಾರು ಬರುತ್ತೀರಿ ಎಂದು ಇವತ್ತೇ ಒಂದು ಪಟ್ಟಿ ಮಾಡೋಣ. ಮೊದಲ ಹೆಸರು ನನ್ನದಿರಲಿ.

ಜೈ ಕರ್ನಾಟಕ.