ತಿರುಗುವ ಸ್ಟ್ಯಾಂಡು



ನಾವು ಸಂಘದ ಹೆಂಗಸರು. ಮರದ ಮಣೆ, ಮಕ್ಕಳ ಕುರ್ಚಿ ಮಾಡುತ್ತೇವೆ. ಅವಕ್ಕೆ ಸ್ಪ್ರೇ ಗನ್ನಿನಿಂದ ಪಾಲಿಶ್ ಹೊಡೆಯುತ್ತೇವೆ. ಅದಕ್ಕೆ ನಾವೇ ಒಂದು ಸ್ಟ್ಯಾಂಡು ಮಾಡಿಕೊಂಡಿದ್ದೇವೆ. ಯಾಕೆ ಮಾಡಿದೆವು, ಹೇಗೆ ಮಾಡಿದೆವು, ಹೇಳ್ತೀವಿ ಕೇಳಿ.

ಮೊದಲು ಮನೆಯೊಳಗೇ ಪಾಲಿಶ್ ಹೊಡೆಯುತ್ತಿದ್ದೆವು. ಮಣೆ ನೆಲದ ಮೇಲೆ. ಬಗ್ಗಿ ಬಗ್ಗಿ ಸೊಂಟ ನೋವು. ವಾಸನೆಗೆ ತಲೆ ಸುತ್ತು. ಒಂದು ದಿನ ಪಕ್ಕದ ಕೋಣೆಯಲ್ಲಿ ಒಲೆ ಉರಿಯುತ್ತಿತ್ತು. ಭಗ್ ಅಂತ ನೆಲದ ಮೇಲೆ ಬೆಂಕಿ ಓಡಿ ಬಂತು. ಒಬ್ಬಳ ಸೀರೆ ಅಂಚು ಸುಟ್ಟಿತು. ಜೀವ ಉಳಿಯಿತು, ಅದೇ ಪುಣ್ಯ.

ಒಲೆ ದೂರ ಇತ್ತಲ್ಲ, ಬೆಂಕಿ ಹೇಗೆ ಬಂತು ಅಂತೀರಾ? ಥಿನ್ನರಿನ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದು. ನೆಲ ಹಿಡಿದು ಹರಿಯುತ್ತದೆ. ಒಲೆ, ಬೀಡಿ, ಸ್ವಿಚ್ಚಿನ ಕಿಡಿ ಯಾವುದು ಸಿಕ್ಕರೂ ಹೊತ್ತಿಕೊಳ್ಳುತ್ತದೆ.

ಅವತ್ತೇ ಕೆಲಸವನ್ನು ಬಯಲಿಗೆ ತಂದೆವು. ಸ್ಟ್ಯಾಂಡಿನ ಅಳತೆಯನ್ನು ನಾವೇ ಬರೆದುಕೊಂಡೆವು.

ನಾಲ್ಕು ಕಾಲು. ಎತ್ತರ 2½ ಅಡಿ. ಕಾಲುಗಳ ನಡುವೆ ಅಡ್ಡಪಟ್ಟಿ ಹೊಡೆದರೆ ಅಲುಗಾಡುವುದಿಲ್ಲ. ಮೇಲೆ ಒಂದು ಹಲಗೆ. ಅದರ ಮೇಲೆ 1½ ಅಡಿ ಚೌಕದ ಇನ್ನೊಂದು ಹಲಗೆ. ಎರಡಕ್ಕೂ ನಡುವೆ ತೂತು ಕೊರೆದು ಒಂದೇ ಬೋಲ್ಟ್ ಹಾಕಿ. ಹಲಗೆಗಳ ಮಧ್ಯೆ ವಾಷರ್ ಇರಲಿ. ನಟ್ಟನ್ನು ತೀರಾ ಬಿಗಿಯಬೇಡಿ. ಮೇಲಿನ ಹಲಗೆ ರಾಗಿಕಲ್ಲಿನ ಹಾಗೆ ತಿರುಗಬೇಕು.

ಎರಡು ಚಿಕ್ಕ ಪಟ್ಟಿಗಳಿಗೆ ಕೆಳಗಿನಿಂದ ಮೊಳೆ ಹೊಡೆಯಿರಿ. ತುದಿ ಮೇಲೆ ಬರಲಿ. ಪಟ್ಟಿಗಳನ್ನು ಹಲಗೆಯ ಮೇಲಿಡಿ. ಮೊದಲು ಮಣೆಯ ಅಡಿಭಾಗಕ್ಕೆ ಪಾಲಿಶ್ ಹೊಡೆಯಿರಿ. ಆಮೇಲೆ ಮಗುಚಿ ಮೊಳೆ ತುದಿಯ ಮೇಲೆ ಕೂರಿಸಿ. ಪಾಲಿಶ್ ಅಂಟುವುದಿಲ್ಲ. ಬದಿಗೆ ಹೊಡೆಯಿರಿ, ಕೊನೆಗೆ ಮೇಲ್ಭಾಗಕ್ಕೆ. ನೀವು ಸುತ್ತಬೇಡಿ, ಹಲಗೆ ತಿರುಗಿಸಿ. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಮೇಲು. ದಪ್ಪವಾದರೆ ಸೋರುತ್ತದೆ.

ಗಾಳಿ ನಿಮ್ಮ ಪಕ್ಕದಿಂದ ಬೀಸಲಿ. ಎದುರಿನಿಂದ ಬೀಸಿದರೆ ಪಾಲಿಶ್ ಮುಖಕ್ಕೇ ಬರುತ್ತದೆ. ಮೂಗಿಗೆ ಸೆರಗು ಕಟ್ಟಿದರೆ ಸಾಲದು. ಬಟ್ಟೆ ಆವಿಯನ್ನು ತಡೆಯುವುದಿಲ್ಲ. ಇದ್ದಿಲು ಡಬ್ಬಿ ಇರುವ ಮಾಸ್ಕ್ ಬೇಕು. ನಮ್ಮ ಮೊದಲ ಲಾಭದಲ್ಲಿ ಅದನ್ನೇ ಕೊಂಡೆವು. ಬಸುರಿಯರು, ಮಕ್ಕಳು ಹತ್ತಿರ ಬರಬಾರದು. ಕಂಪ್ರೆಸರಿನಲ್ಲೂ ಕಿಡಿ ಏಳಬಹುದು. ಉದ್ದ ಪೈಪು ಹಾಕಿ ಅದನ್ನು ದೂರ ಇಡಿ. ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಪಾಲಿಶ್ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ. ಕೆಲಸ ಮುಗಿದ ಮೇಲೆ ಮೊಳೆ ಪಟ್ಟಿಗಳನ್ನು ಎತ್ತಿಡಿ.

ಥಿನ್ನರ್ ಡಬ್ಬದ ಮೇಲೆ ಬೆಂಕಿಯ ಚಿತ್ರ ಇರುತ್ತದೆ. ಆ ದಿನವೂ ಇತ್ತು. ನಾವು ನೋಡಿರಲಿಲ್ಲ. ಈಗ ಡಬ್ಬ ತೆರೆಯುವ ಮುಂಚೆ ಒಬ್ಬರು ಓದುತ್ತೇವೆ, ಉಳಿದವರು ಕೇಳುತ್ತೇವೆ.

ನೀವೂ ಓದಿ. ಓದಿದ ಮೇಲೇ ತೆರೆಯಿರಿ.